ಸ್ಟೀರಿಂಗ್ ಹಿಡಿದು ಕುಳಿತ ಕ್ಲೀನರ್

ಐದಾರು ವರ್ಷಗಳ ಹಿಂದೆ ದುಬಾರಿ ವಿದೇಶಿ ಕಾರುಗಳಲ್ಲಿ ಮಾತ್ರ ಕಾಣುತ್ತಿದ್ದ ಚಾಲಕ ಸಹಾಯಕ ವ್ಯವಸ್ಥೆ ಈಗ ಶಿರಸಿ ಸೀಮೆಯ ಅಡಿಕೆ ಅಂಗಳಗಳವರೆಗೂ ಬಂದು ನಿಂತಿದೆ. ಜನ ಅದನ್ನು ಅಡಾಸ್ ಎನ್ನುತ್ತಾರೆ. 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ700 ಮತ್ತು ಎಂಜಿ ಆಸ್ಟರ್ ಕಾರುಗಳ ಜೊತೆಗೆ ಮಧ್ಯಮ ವರ್ಗದ ಕೈಗೆಟುಕತೊಡಗಿದ ಈ ಸೌಲಭ್ಯ 2023ರ ಹೊತ್ತಿಗೆ ಹ್ಯುಂಡೈ ವೆರ್ನಾ, ಕಿಯಾ ಸೆಲ್ಟೋಸ್, ಟಾಟಾ ಹ್ಯಾರಿಯರ್‌ಗಳಲ್ಲಿಯೂ ಸೇರಿಕೊಂಡಿತು. ವಾಹನ ವಿಮೆಯ ಸರ್ವೇಯರ್ ಆಗಿ ಕಾರವಾರದಿಂದ ಭಟ್ಕಳದವರೆಗೆ ಜಖಂಗೊಂಡ ಕಾರುಗಳನ್ನು ನೋಡುತ್ತ ತಿರುಗುವ ನನ್ನನ್ನು ಹೊಸ ಕಾರಿನವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಕಾರು ತಾನಾಗಿ ಓಡುತ್ತಿರುವಾಗ ಅಪಘಾತವಾದರೆ ಕೇಸು ಯಾರ ಮೇಲೆ ಬೀಳುತ್ತದೆ? ನಿಮ್ಮ ಮೇಲೆಯೇ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು, ಕಾನೂನಿನ ಪ್ರಕಾರ ಆ ಉತ್ತರ ಸರಿಯೂ ಹೌದು. ಆದರೆ ಗಮನ ಇಡುವ ಶಕ್ತಿಯನ್ನು ಚಾಲಕನಿಂದ ಸ್ವಲ್ಪಸ್ವಲ್ಪವಾಗಿ ಕಸಿದುಕೊಳ್ಳುವ ಯಂತ್ರವನ್ನು ಅವನ ಕೈಗೆ ಕೊಟ್ಟು, ಗಮನ ಇಡಲಿಲ್ಲವೆಂಬ ತಪ್ಪನ್ನು ಪೂರ್ತಿಯಾಗಿ ಅವನೊಬ್ಬನ ತಲೆಗೇ ಕಟ್ಟುವುದು ಎಷ್ಟು ನ್ಯಾಯ ಎಂಬ ಸಂಶಯ ಬರಬರುತ್ತ ನನ್ನಲ್ಲಿ ಬಲವಾಗುತ್ತಿದೆ.

ಕಾರು ಎಷ್ಟರ ಮಟ್ಟಿಗೆ ತಾನೇ ಓಡಬಲ್ಲದು ಎಂಬುದನ್ನು ಕುರಿತು ಅಮೆರಿಕದ ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ವರ್ಗೀಕರಣದಲ್ಲಿ ಸೊನ್ನೆಯಿಂದ ಐದರವರೆಗೆ ಆರು ಹಂತಗಳಿವೆ. ಮೇಲೆ ಹೇಳಿದಂಥ ಕಾರುಗಳು ಎರಡನೆಯ ಹಂತವನ್ನು ದಾಟಿದವಲ್ಲ. ಈ ಹಂತದಲ್ಲಿ ಕಾರು ವೇಗವನ್ನೂ ಸ್ಟೀರಿಂಗನ್ನೂ ಒಟ್ಟಿಗೆ ನಿಭಾಯಿಸಬಲ್ಲದು, ಆದರೆ ರಸ್ತೆಯ ಮೇಲೆ ಕಣ್ಣಿಡುವುದು, ಯಂತ್ರ ತಪ್ಪಿದ ಕ್ಷಣದಲ್ಲಿ ತಿದ್ದುವುದು ಪೂರ್ತಿಯಾಗಿ ಮನುಷ್ಯನ ಕೆಲಸ. ಮೂರನೆಯ ಹಂತದಲ್ಲಿ ಮಾತ್ರ, ನಿಗದಿಪಡಿಸಿದ ಪರಿಸ್ಥಿತಿಯ ಮಟ್ಟಿಗೆ, ಕಾರೇ ಚಾಲಕನಾಗುತ್ತದೆ. ಅದು ಕರೆದಾಗ ಮನುಷ್ಯ ಮರಳಿ ವಹಿಸಿಕೊಂಡರೆ ಸಾಕು. 2021ರ ಡಿಸೆಂಬರಿನಲ್ಲಿ ಮರ್ಸಿಡಿಸ್ ಕಂಪನಿಗೆ ಜರ್ಮನಿಯಲ್ಲಿ ಮೂರನೆಯ ಹಂತದ ಅನುಮತಿ ದೊರೆತಾಗ ಅದು ಅಲ್ಲಿನ ಮೋಟಾರು ಹೆದ್ದಾರಿಗಳಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗದೊಳಗೆ ಮಾತ್ರ ಸಲ್ಲುತ್ತಿತ್ತು. ಇಷ್ಟು ಬಿಗಿಯಾದ ಕಟ್ಟುಪಾಡಿನ ಮೇಲೆ ಅಲ್ಲಿ ಕೊಟ್ಟ ಸ್ವಾತಂತ್ರ್ಯವನ್ನು ನಮ್ಮವರು 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಅದಕ್ಕಿಂತ ಹೆಚ್ಚಿನ ವೇಗದಲ್ಲಿ, ಎರಡನೆಯ ಹಂತದ ಕಾರಿನಲ್ಲಿ ಕುಳಿತು ತಾವಾಗಿಯೇ ತೆಗೆದುಕೊಳ್ಳುತ್ತಿದ್ದಾರೆ.

ಈ ಕಾರುಗಳ ಕಣ್ಣುಗಳು ಎಲ್ಲಿವೆ ಎಂದು ತಿಳಿದರೆ ಅವುಗಳ ಮಿತಿಯೂ ಅರ್ಥವಾಗುತ್ತದೆ. ಹೆಚ್ಚಿನವುಗಳಲ್ಲಿ ಮುಂಗಾಜಿನ ಒಳಬದಿಗೆ, ನಡುಗನ್ನಡಿಯ ಹಿಂದೆ ಒಂದು ಕ್ಯಾಮೆರಾ ಇದ್ದು, ಮುಂದಿನ ಬಂಪರ್ ಅಥವಾ ಗ್ರಿಲ್ ಭಾಗದಲ್ಲಿ ಒಂದು ರೇಡಾರ್ ಇರುತ್ತದೆ. ಚಲಿಸುವ ವಾಹನದ ವೇಗ ಮತ್ತು ಅಂತರವನ್ನು ಅಳೆಯುವುದರಲ್ಲಿ ರೇಡಾರ್ ಬಹಳ ಚುರುಕು. ಆದರೆ ಸೇತುವೆಯ ಕಂಬಿ, ಸೂಚನಾ ಫಲಕ, ರಸ್ತೆಯಂಚಿನ ತಡೆಬೇಲಿ ಎಲ್ಲವೂ ಅದಕ್ಕೆ ಪ್ರತಿಫಲನ ಕಳಿಸುವುದರಿಂದ, ನಿಂತಿರುವ ಪ್ರತಿಯೊಂದಕ್ಕೂ ಬ್ರೇಕ್ ಹಾಕುತ್ತ ಹೋದರೆ ಕಾರು ಮುಂದೆ ಸಾಗುವುದೇ ಇಲ್ಲ. ಆದ್ದರಿಂದ ಹೆಚ್ಚಿನ ವೇಗದಲ್ಲಿರುವಾಗ ನಿಶ್ಚಲ ವಸ್ತುಗಳ ಸಂಕೇತಗಳನ್ನು ಸಾಫ್ಟ್‌ವೇರ್ ಬಹಳಷ್ಟು ಸೋಸಿ ಬಿಡುತ್ತದೆ. ನಿಂತ ವಾಹನವನ್ನು ಈ ವ್ಯವಸ್ಥೆ ಗುರುತಿಸದೆ ಇರಬಹುದು ಎಂಬ ಎಚ್ಚರಿಕೆ ಕಾರಿನ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಯಾರೂ ತಿರುವಿ ನೋಡದ ಒಂದು ಪುಟದಲ್ಲಿ.

ಇದನ್ನು ನಮ್ಮ ರಸ್ತೆಗೆ ತಂದು ನೋಡಬೇಕು. ಕುಮಟಾ ದಾಟಿ ಹೊನ್ನಾವರದ ಕಡೆಗೆ ಒಂದು ಲಾರಿಯ ಹಿಂದೆ ನೀವು ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಹೋಗುತ್ತಿದ್ದೀರಿ, ವೇಗವನ್ನು ಎಂಬತ್ತಕ್ಕೆ ನಿಗದಿ ಮಾಡಿದ್ದೀರಿ, ಲಾರಿ ಅರವತ್ತರಲ್ಲಿ ಇರುವುದರಿಂದ ಕಾರೂ ಅರವತ್ತಕ್ಕೆ ಇಳಿದು ಅದರ ಹಿಂದೆ ಅಂತರ ಕಾಯ್ದುಕೊಂಡಿದೆ. ಮುಂದೆ ಎಡ ಪಥದಲ್ಲಿ ಆಕ್ಸಲ್ ಮುರಿದುಕೊಂಡ ಇನ್ನೊಂದು ಲಾರಿ ನಿಂತಿದೆ. ಮುಂದಿನ ಲಾರಿಯ ಚಾಲಕ ಅದನ್ನು ಕಂಡು ಬಲಕ್ಕೆ ಸರಿಯುತ್ತಾನೆ. ಆ ಕ್ಷಣಕ್ಕೆ ನಿಮ್ಮ ಕಾರಿನ ಲೆಕ್ಕದಲ್ಲಿ ದಾರಿ ಖಾಲಿಯಾಯಿತು, ಅದು ನಿಗದಿತ ಎಂಬತ್ತರ ಕಡೆಗೆ ವೇಗ ಹೆಚ್ಚಿಸಿಕೊಳ್ಳತೊಡಗುತ್ತದೆ. ಎಂಬತ್ತರ ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಕೆಟ್ಟು ನಿಂತ ಲಾರಿಯವರು ತಮ್ಮ ಪದ್ಧತಿಯಂತೆ ಹಿಂದುಗಡೆ ನಾಲ್ಕು ಕಲ್ಲುಗಳನ್ನು ಇಟ್ಟು, ಪಕ್ಕದ ಗುಡ್ಡದಿಂದ ಮುರಿದು ತಂದ ಹಸಿ ಸೊಪ್ಪಿನ ಟೊಂಗೆಯೊಂದನ್ನು ರಸ್ತೆಯ ಮೇಲೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಕರಾವಳಿಯಲ್ಲಿ ಗಾಡಿ ಓಡಿಸುವ ಯಾರಿಗೂ ಡಾಂಬರಿನ ನಡುವೆ ಎದ್ದು ನಿಂತ ಆ ಹಸಿರು ಕಂಡ ಕೂಡಲೇ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ವಾಹನದ ಬೆನ್ನನ್ನೂ ಮನುಷ್ಯನ ಆಕಾರವನ್ನೂ ಗುರುತಿಸಲು ಕಲಿತ ಕ್ಯಾಮೆರಾಕ್ಕೆ ಸೊಪ್ಪಿನ ಟೊಂಗೆ ಏನನ್ನು ಹೇಳುತ್ತಿದೆ ಎಂದು ಯಾರೂ ಕಲಿಸಿದಂತಿಲ್ಲ.

ಇದು ಕೇವಲ ನನ್ನ ಕಲ್ಪನೆಯ ಭಯವಲ್ಲ. 2018ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಮೌಂಟನ್ ವ್ಯೂನಲ್ಲಿ ಆಟೋಪೈಲಟ್ ಎಂಬ ಚಾಲಕ ಸಹಾಯಕ ವ್ಯವಸ್ಥೆ ಚಾಲೂ ಇದ್ದ ಟೆಸ್ಲಾ ಕಾರೊಂದು, ಹೆದ್ದಾರಿ ಕವಲೊಡೆಯುವ ಜಾಗದಲ್ಲಿ ಪಥ ತಪ್ಪಿ, ಮುಂದೆ ಅನುಸರಿಸಲು ವಾಹನವಿಲ್ಲದ್ದರಿಂದ ವೇಗವನ್ನು ಸುಮಾರು ನೂರರಿಂದ 114 ಕಿಲೋಮೀಟರಿಗೆ ಏರಿಸಿಕೊಂಡು ಕಾಂಕ್ರೀಟ್ ತಡೆಗೋಡೆಯ ಮುಂಭಾಗಕ್ಕೆ ಬಡಿಯಿತು, ಚಾಲಕ ಸತ್ತ. ಕೊನೆಯ ಆರು ಸೆಕೆಂಡುಗಳಲ್ಲಿ ಸ್ಟೀರಿಂಗ್ ಮೇಲೆ ಕೈ ಇರುವುದು ದಾಖಲಾಗಿರಲಿಲ್ಲ, ಮೊಬೈಲಿನಲ್ಲಿ ಆಟವೊಂದು ತೆರೆದಿತ್ತು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ವರದಿ ಮಾಡಿತು. ಅದೇ ಮಂಡಳಿ ಚಾಲಕನ ಜೊತೆಗೆ ಕಂಪನಿಯನ್ನೂ ಹೆಸರಿಸಿ, ಚಾಲಕನ ಗಮನವನ್ನು ಪರೀಕ್ಷಿಸುವ ಅದರ ವಿಧಾನ ಸಾಲದು ಎಂದಿತು.

ಮಳೆಗಾಲದ ಮಾತು ಬೇರೆ. ಆಷಾಢದ ಮಳೆ ಹಿಡಿದು ಸುರಿಯುವಾಗ ವೈಪರ್ ಎಷ್ಟು ಬೀಸಿದರೂ ಕ್ಯಾಮೆರಾಕ್ಕೆ ಬಿಳಿ ಗೆರೆ ಕಾಣದೆ, ವ್ಯವಸ್ಥೆ ಲಭ್ಯವಿಲ್ಲ ಎಂಬ ಸಂದೇಶ ತೋರಿಸಿ ಅದು ಕೈಚೆಲ್ಲುತ್ತದೆ. ದೇವಿಮನೆ ಘಟ್ಟದಲ್ಲಿ, ಅರಬೈಲಿನಲ್ಲಿ ತಿರುವುಗಳ ಬಿಗಿತಕ್ಕೆ ಪಥ ಹಿಡಿಯುವ ಸ್ಟೀರಿಂಗ್ ಹೇಗಿದ್ದರೂ ನಿಂತುಹೋಗುತ್ತದೆ. ಇವು ಅಪಾಯದ ಜಾಗಗಳೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಅಲ್ಲಿ ಯಂತ್ರ ತನ್ನಿಂದಾಗದು ಎಂದು ಒಪ್ಪಿಕೊಂಡಿದೆ, ಮನುಷ್ಯ ಎಚ್ಚರವಾಗಿ ಓಡಿಸುತ್ತಿದ್ದಾನೆ. ಯಂತ್ರ ಚೆನ್ನಾಗಿ ಕೆಲಸ ಮಾಡುವ, ನೇರವಾದ, ಹೊಸದಾಗಿ ಗೆರೆ ಎಳೆದ ಚತುಷ್ಪಥವೇ ನನ್ನ ಮಟ್ಟಿಗೆ ಹೆಚ್ಚು ಆತಂಕದ ಜಾಗ.

ಏಕೆ ಎಂಬುದಕ್ಕೆ ಕಾರುಗಳಿಗಿಂತ ಬಹಳ ಹಳೆಯ ಉತ್ತರವಿದೆ. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಲು ವಿಮಾನಗಳಲ್ಲಿ ರೇಡಾರ್ ಪರದೆಯ ಮುಂದೆ ಕುಳಿತ ಬ್ರಿಟಿಷ್ ಸಿಬ್ಬಂದಿ ಸ್ವಲ್ಪ ಹೊತ್ತಿನಲ್ಲೇ ಕಣ್ಣೆದುರಿನ ಚುಕ್ಕೆಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಇದನ್ನು ಪರೀಕ್ಷಿಸಲು ಒಂದು ಗಡಿಯಾರವನ್ನು ಮಾಡಿಸಿದ. ಅದರ ಮುಳ್ಳು ಸಮನಾಗಿ ಹೆಜ್ಜೆ ಇಡುತ್ತ, ಅಪರೂಪಕ್ಕೊಮ್ಮೆ ಮಾತ್ರ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತಿತ್ತು; ಹಾರಿದ್ದನ್ನು ಕಂಡಾಗ ಗುಂಡಿ ಒತ್ತಬೇಕು. ಎರಡು ಗಂಟೆಯ ಕಾವಲಿನಲ್ಲಿ, ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಗುರುತಿಸುವ ಶಕ್ತಿ ಗಣನೀಯವಾಗಿ ಕುಸಿಯುವುದು ಕಂಡುಬಂತು. 1948ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಭಾಗವಹಿಸಿದವರು ಸೋಮಾರಿಗಳಲ್ಲ, ತರಬೇತಾದ ಆರೋಗ್ಯವಂತರು. ಏನೂ ಘಟಿಸದ ಜಾಗವನ್ನು ದಿಟ್ಟಿಸಿ ನೋಡುತ್ತ ಕುಳಿತಿರುವುದು ಮನುಷ್ಯನ ಮೆದುಳಿಗೆ ಒಗ್ಗುವ ಕೆಲಸವಲ್ಲ, ಅಷ್ಟೇ. 1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಸಂಶೋಧಕಿ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳನ್ನು ಕುರಿತು ಬರೆಯುತ್ತ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದರು: ಸುಲಭವಾದ ಕೆಲಸಗಳನ್ನೆಲ್ಲ ಯಂತ್ರಕ್ಕೆ ವಹಿಸಿ, ಯಂತ್ರಕ್ಕೂ ಬಗೆಹರಿಯದ ಕಠಿಣ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸಿದರೆ, ಅಭ್ಯಾಸ ತಪ್ಪಿದ ಕೈಗೆ ಅತ್ಯಂತ ಕಷ್ಟದ ಕೆಲಸವನ್ನು ಕೊಟ್ಟಂತಾಗುತ್ತದೆ. ಇವರಿಬ್ಬರ ಮಾತನ್ನು ಒಟ್ಟಿಗಿಟ್ಟರೆ ಎರಡನೆಯ ಹಂತದ ಕಾರಿನ ಚಿತ್ರ ಪೂರ್ತಿಯಾಗುತ್ತದೆ.

ನಮ್ಮ ಕಡೆಯ ಲಾರಿಗಳಲ್ಲಿ ಡ್ರೈವರನ ಪಕ್ಕ ಕ್ಲೀನರ್ ಇರುತ್ತಿದ್ದ, ಈಗ ಕಡಿಮೆಯಾಗುತ್ತಿದ್ದರೂ ಘಟ್ಟದ ಲಾರಿಗಳಲ್ಲಿ ಇನ್ನೂ ಕಾಣುತ್ತಾನೆ. ಎಡಬದಿಯನ್ನು ನೋಡುವುದು, ಹಿಂದೆ ತೆಗೆಯುವಾಗ ಇಳಿದು ‘ಬರ್ಲಿ ಬರ್ಲಿ’ ಎನ್ನುತ್ತ ಲಾರಿಯ ಮೈ ತಟ್ಟುವುದು, ರಾತ್ರಿ ಡ್ರೈವರನ ಮಾತು ನಿಂತರೆ ತಾನೇ ಏನಾದರೂ ಮಾತು ತೆಗೆದು ಅವನನ್ನು ಎಚ್ಚರವಿಡುವುದು ಅವನ ಕೆಲಸ. ಓಡಿಸುವವನು ಎಚ್ಚರವಾಗಿರಲು ಓಡಿಸುವ ಕೆಲಸವೇ ಅರ್ಧ ನೆರವಾಗುತ್ತದೆ; ಉಳಿದರ್ಧಕ್ಕೆ ಕ್ಲೀನರ್ ಇದ್ದಾನೆ. ಅಡಾಸ್ ಒಳ್ಳೆಯ ಕ್ಲೀನರ್ ಆಗಬಲ್ಲದು. ಪಥ ತಪ್ಪಿದಾಗ ಸ್ಟೀರಿಂಗ್ ಅದುರಿಸಿ ಎಚ್ಚರಿಸುವುದು, ಕನ್ನಡಿಗೆ ಕಾಣದ ಮೂಲೆಯಲ್ಲಿ ಬೈಕು ಇದೆಯೆಂದು ದೀಪ ಬೆಳಗಿಸುವುದು, ಕೊನೆಯ ಗಳಿಗೆಯಲ್ಲಿ ತಾನೇ ಬ್ರೇಕ್ ಹಾಕಿ ಹೊಡೆತವನ್ನು ತಗ್ಗಿಸುವುದು ಎಲ್ಲವೂ ಆ ಬಗೆಯ ಕೆಲಸಗಳೇ, ಮತ್ತು ಇವುಗಳಿಂದ ಜೀವ ಉಳಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕ್ರೂಸನ್ನೂ ಪಥ ಹಿಡಿಯುವ ಸ್ಟೀರಿಂಗನ್ನೂ ಒಟ್ಟಿಗೆ ಹಾಕಿದಾಗ ಮಾತ್ರ ಸ್ಥಾನ ಅದಲುಬದಲಾಗಿ, ಯಂತ್ರ ಡ್ರೈವರ್ ಸೀಟಿಗೆ ಹೋಗಿ, ಮನುಷ್ಯ ಕ್ಲೀನರ್ ಆಗುತ್ತಾನೆ. ಕಾನೂನಿನ ದಾಖಲೆಯಲ್ಲಿ ಆಗಲೂ ಡ್ರೈವರ್ ಅವನೇ.

2018ರ ಮಾರ್ಚ್ 18ರಂದು ಅರಿಜೋನಾದ ಟೆಂಪಿಯಲ್ಲಿ ಊಬರ್ ಕಂಪನಿಯ ಪ್ರಾಯೋಗಿಕ ಸ್ವಯಂಚಾಲಿತ ಕಾರು, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಆಕೆ ಸತ್ತ ಪ್ರಕರಣ ಈ ಕಾರಣಕ್ಕೇ ನನಗೆ ಮತ್ತೆಮತ್ತೆ ನೆನಪಾಗುತ್ತದೆ. ಅದು ಮಾರಾಟದ ಕಾರಲ್ಲ, ಎರಡನೆಯ ಹಂತದ್ದೂ ಅಲ್ಲ, ಆದರೆ ಕಾವಲಿಗೆ ಕುಳಿತ ಮನುಷ್ಯನ ಸಮಸ್ಯೆ ಒಂದೇ. ಆ ಕಾರುಗಳಲ್ಲಿ ಮೊದಲು ಇಬ್ಬರು ಸಿಬ್ಬಂದಿ ಇರುತ್ತಿದ್ದರು. 2017ರ ಕೊನೆಯ ಹೊತ್ತಿಗೆ ಕಂಪನಿ ಒಬ್ಬರನ್ನು ಇಳಿಸಿತ್ತು. ಉಳಿದ ಒಬ್ಬರು ಮೊಬೈಲಿನಲ್ಲಿ ಟಿವಿ ಕಾರ್ಯಕ್ರಮ ನೋಡುತ್ತಿದ್ದರು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಾರು ಆಕೆಯನ್ನು ಪತ್ತೆಹಚ್ಚಿತ್ತಾದರೂ, ಜೀಬ್ರಾ ಪಟ್ಟಿಯಿಲ್ಲದ ಜಾಗದಲ್ಲಿ ಮನುಷ್ಯರು ರಸ್ತೆ ದಾಟಬಹುದು ಎಂಬ ವಿಚಾರವನ್ನೇ ಸಾಫ್ಟ್‌ವೇರಿನಲ್ಲಿ ಅಳವಡಿಸಿರಲಿಲ್ಲವಾದ್ದರಿಂದ, ವಾಹನವೇ, ಸೈಕಲ್ಲೇ, ಮತ್ತೇನೋ ಎಂದು ಅದು ಬಗೆಬಗೆಯಾಗಿ ಗುರುತಿಸುತ್ತ ಸಮಯ ಕಳೆಯಿತು. ಅಂಕೋಲಾದ ಸಂತೆಯ ದಿನ ಇಂಥ ಸಾಫ್ಟ್‌ವೇರ್ ಏನು ಮಾಡೀತು ಎಂದು ಯೋಚಿಸಿದರೆ ನಗು ಬರುವುದಿಲ್ಲ. ಕಾರಿನ ತುರ್ತು ಬ್ರೇಕ್ ವ್ಯವಸ್ಥೆಯನ್ನೂ ಕಂಪನಿ ನಿಷ್ಕ್ರಿಯಗೊಳಿಸಿತ್ತು. ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಇಲ್ಲವೆಂದು 2019ರಲ್ಲಿ ಸರ್ಕಾರಿ ವಕೀಲರು ತೀರ್ಮಾನಿಸಿದರು. ಕಾವಲಿಗಿದ್ದ ಸಿಬ್ಬಂದಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಪ್ರೊಬೇಷನ್, ಎಂದರೆ ಜೈಲಿನ ಹೊರಗೇ ನಿಗಾದಲ್ಲಿರುವ ಶಿಕ್ಷೆ ಪಡೆದರು. ಅವರ ತಪ್ಪು ಸಣ್ಣದಲ್ಲ. ಆದರೆ ಆ ತಪ್ಪು ಘಟಿಸುವಂತೆ ಇಡೀ ಏರ್ಪಾಟನ್ನು ಮಾಡಿದವರ ಪಾಲು ಶಿಕ್ಷೆಯ ಲೆಕ್ಕದಲ್ಲಿ ಬರಲೇ ಇಲ್ಲ.

ಇತ್ತೀಚೆಗೆ ಆ ಲೆಕ್ಕ ಸ್ವಲ್ಪ ಬದಲಾಗುತ್ತಿದೆ. ಫ್ಲಾರಿಡಾದಲ್ಲಿ 2019ರಲ್ಲಿ ನಡೆದ ಅಪಘಾತವೊಂದರಲ್ಲಿ ಆಟೋಪೈಲಟ್ ಹಾಕಿಕೊಂಡಿದ್ದ ಚಾಲಕ ಕೆಳಗೆ ಬಿದ್ದ ಮೊಬೈಲನ್ನು ಎತ್ತಿಕೊಳ್ಳಲು ಬಗ್ಗಿದ್ದ. ರಸ್ತೆಬದಿಯಲ್ಲಿ ನಿಂತಿದ್ದವರಲ್ಲಿ ಒಬ್ಬ ಯುವತಿ ಸತ್ತಳು. ಚಾಲಕ ತನ್ನ ತಪ್ಪನ್ನು ಒಪ್ಪಿಕೊಂಡಿದ್ದರೂ, 2025ರ ಆಗಸ್ಟಿನಲ್ಲಿ ಮಯಾಮಿಯ ಜ್ಯೂರಿ ಹೊಣೆಯ ಮೂರನೆಯ ಒಂದು ಭಾಗವನ್ನು ಟೆಸ್ಲಾ ಕಂಪನಿಯ ಮೇಲೆ ಹೊರಿಸಿ, ಸುಮಾರು 24 ಕೋಟಿ ಡಾಲರ್ ಕೊಡಬೇಕೆಂದಿತು. ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನಗಳ ಕಾಯ್ದೆ, ಅಧಿಕೃತವಾಗಿ ಸ್ವಯಂಚಾಲಿತ ಎಂದು ಒಪ್ಪಿಗೆ ಪಡೆದ ವಾಹನ ತಾನೇ ಓಡುತ್ತಿರುವಾಗಿನ ಚಾಲನಾ ಅಪರಾಧಗಳಿಂದ ಒಳಗೆ ಕುಳಿತವರಿಗೆ ರಕ್ಷಣೆ ಕೊಡುತ್ತದೆ. ಅದಕ್ಕಿಂತ ನನಗೆ ಹಿಡಿಸಿದ್ದು ಅದೇ ಕಾಯ್ದೆಯ ಇನ್ನೊಂದು ಅಂಶ: ಸ್ವಯಂಚಾಲಿತವಲ್ಲದ ಕಾರನ್ನು ಸ್ವಯಂಚಾಲಿತವೆಂಬ ಭ್ರಮೆ ಹುಟ್ಟಿಸುವಂತೆ ಜಾಹೀರಾತು ಮಾಡುವುದನ್ನು ಅದು ಅಪರಾಧವೆನ್ನುತ್ತದೆ.

ನಮ್ಮ ಮೋಟಾರು ವಾಹನ ಕಾಯ್ದೆಯ ಚಾಲಕ ಮನುಷ್ಯನೇ. ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಂ ಅಜಾಗರೂಕ ಚಾಲನೆಯನ್ನೂ, 106ನೆಯ ಕಲಂ ನಿರ್ಲಕ್ಷ್ಯದಿಂದ ಸಾವು ಉಂಟುಮಾಡುವುದನ್ನೂ ಶಿಕ್ಷಿಸುತ್ತವೆ. ಎರಡನೆಯದಕ್ಕೆ ಐದು ವರ್ಷದವರೆಗೆ ಸೆರೆವಾಸವಿದೆ. ಕಾರೇ ಓಡಿಸುತ್ತಿತ್ತು ಎಂಬ ವಾದ ಇಲ್ಲಿ ನಿಲ್ಲುವುದು ಕಷ್ಟ, ಬಹುಶಃ ಕೈಬಿಟ್ಟು ಕುಳಿತದ್ದಕ್ಕೆ ತಾನೇ ಕೊಟ್ಟ ಸಾಕ್ಷಿಯೂ ಆದೀತು. ಕಂಪನಿಯ ಕಡೆಗೆ ತಿರುಗಬೇಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವೊಂದಿದೆ, ಸರಿಯಾದ ಬಳಕೆಯ ಸೂಚನೆ ಮತ್ತು ಎಚ್ಚರಿಕೆಗಳನ್ನು ಸಾಕಷ್ಟು ಕೊಡದಿದ್ದರೂ ತಯಾರಕ ಹೊಣೆಯಾಗುತ್ತಾನೆ. ಕೈಪಿಡಿಯ ಮೂಲೆಯಲ್ಲಿ ಅಚ್ಚಾದ ಒಂದು ಸಾಲು ಆ ‘ಸಾಕಷ್ಟು’ ಎಂಬುದಕ್ಕೆ ಸಾಕೇ ಎಂಬುದು ವಾದಕ್ಕೆ ಬಿಟ್ಟ ವಿಷಯ. ಸಾಲದು ಎಂಬುದು ನನ್ನ ಅಭಿಪ್ರಾಯ.

ಏಕೆ ಸಾಲದು ಎಂಬುದಕ್ಕೆ ನನ್ನ ಭಾವನೇ ಉದಾಹರಣೆ. ಶಿರಸಿಯ ಹತ್ತಿರ ತೋಟ ಮಾಡಿಕೊಂಡಿರುವ ಅವನು ಓದಿದವನು, ಕುಡಿಯುವವನಲ್ಲ, ವೇಗದ ಚಟವೂ ಇಲ್ಲ. ಆದರೆ ಆಟದ ಹುಚ್ಚು ಬಹಳ. ಹೊನ್ನಾವರದ ಕಡೆ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗಿನ ಜಾವ ಹೊರಟು ಬರುವುದು ಅವನಿಗೆ ಮೊದಲಿನಿಂದಲೂ ರೂಢಿ. ಮೊದಲೆಲ್ಲ ಕಣ್ಣು ಕೂರತೊಡಗಿದರೆ ರಸ್ತೆಬದಿಯ ಹೋಟೆಲಿನಲ್ಲಿ ನಿಲ್ಲಿಸಿ, ಮುಖ ತೊಳೆದು, ಚಾ ಕುಡಿದು, ಬೇಕಾದರೆ ಸೀಟು ಹಿಂದಕ್ಕೆ ಮಾಡಿ ಒಂದು ಸಣ್ಣ ನಿದ್ದೆ ತೆಗೆದು ಬರುತ್ತಿದ್ದ. ಹೊಸ ಕಾರು ಬಂದ ಮೇಲೆ ನಿಲ್ಲಿಸುವುದನ್ನು ಬಿಟ್ಟಿದ್ದಾನೆ. ಕೇಳಿದ್ದಕ್ಕೆ, “ಯಂಗೆ ನಿದ್ದೆ ಬಂದ್ರೂ ಕಾರಿಗೆ ಬತ್ತಿಲ್ಲೆ, ಭಾವ” ಎಂದ. ಮಾತೇನೋ ಚೆನ್ನಾಗಿದೆ. ಆದರೆ ಅಡಾಸ್ ಇಲ್ಲದಿದ್ದಾಗ ಅವನು ತೆಗೆದುಕೊಳ್ಳುತ್ತಿದ್ದ ಎಚ್ಚರಿಕೆಯನ್ನು ಅಡಾಸ್ ತೆಗೆದುಹಾಕಿತು ಎಂಬುದನ್ನು ಗಮನಿಸಬೇಕು. ಸ್ಟೀರಿಂಗ್ ಮೇಲೆ ಕೈ ಇದೆಯೇ ಎಂದು ಹೆಚ್ಚಿನ ಕಾರುಗಳು ಪರೀಕ್ಷಿಸುವುದು ಚಕ್ರಕ್ಕೆ ಬೀಳುವ ಸಣ್ಣ ಎಳೆತದಿಂದ ಮಾತ್ರ. ತೂಕಡಿಸುವವನ ಕೈ ಜೋತುಬಿದ್ದಿದ್ದರೂ ಆ ಎಳೆತ ಸಿಗುತ್ತದೆ, ನೀರಿನ ಬಾಟಲಿ ಸಿಕ್ಕಿಸಿದರೂ ಸಿಗುತ್ತದೆ. ಕೈ ಎಲ್ಲಿದೆ ಎಂದು ಕೇಳುವ ಯಂತ್ರಕ್ಕೆ ಕಣ್ಣು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಟೆಸ್ಲಾ ಸುಮಾರು 20 ಲಕ್ಷ ಕಾರುಗಳ ಸಾಫ್ಟ್‌ವೇರನ್ನು ತಿದ್ದಬೇಕಾಗಿ ಬಂದದ್ದು ಚಾಲಕನ ಗಮನವನ್ನು ಖಾತರಿಪಡಿಸುವ ವ್ಯವಸ್ಥೆ ಸಾಲದೆಂಬ ಕಾರಣಕ್ಕೇ. ಚಾಲಕನ ನೋಟ ರಸ್ತೆಯಿಂದ ಬೇರೆಡೆಗೆ ಹೋದಾಗ ಎಚ್ಚರಿಸುವ ಸಾಧನವನ್ನು ಐರೋಪ್ಯ ಒಕ್ಕೂಟ 2024ರ ಜುಲೈಯಿಂದ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯ ಮಾಡಿದೆ. ವೇಗವನ್ನೂ ಸ್ಟೀರಿಂಗನ್ನೂ ಒಟ್ಟಿಗೆ ವಹಿಸಿಕೊಳ್ಳುವ ಯಾವ ಕಾರನ್ನೂ ಕಣ್ಣನ್ನು ಗಮನಿಸುವ ಕ್ಯಾಮೆರಾ ಇಲ್ಲದೆ ನಮ್ಮಲ್ಲಿ ಮಾರಬಾರದು ಎಂದು ನಿಯಮ ಮಾಡಿದರೆ, ಸನ್‌ರೂಫಿಗೆ ದುಡ್ಡು ಕೊಡುವ ಜನ ಅದಕ್ಕೂ ಕೊಡುತ್ತಾರೆ.

ಯಾರೂ ಮಾತನಾಡದ ಇನ್ನೊಂದು ಹೊಣೆ ಗ್ಯಾರೇಜಿನದು. ಕಲ್ಲು ಸಿಡಿದು ಮುಂಗಾಜು ಒಡೆಯುವುದು ನಮ್ಮ ಹೆದ್ದಾರಿಯಲ್ಲಿ ದಿನನಿತ್ಯದ ಕಥೆ. ಕುಮಟಾ ಕಡೆಯ ಗ್ಯಾರೇಜೊಂದರಲ್ಲಿ ಇಂಥ ಕಾರಿನ ಗಾಜು ಬದಲಾಯಿಸಿ, ಹಳೆಯ ಗಾಜಿನಿಂದ ಬಿಚ್ಚಿದ ಕ್ಯಾಮೆರಾವನ್ನು ಹೊಸದಕ್ಕೆ ಸಿಕ್ಕಿಸಿ, ಒರೆಸಿ ಕೊಟ್ಟಿದ್ದರು. ಕ್ಯಾಮೆರಾದ ದಿಕ್ಕನ್ನು ಫಲಕಗಳನ್ನಿಟ್ಟು ಅಳೆದು ಮತ್ತೆ ಹೊಂದಿಸಬೇಕಾದ ಕೆಲಸವಿದೆಯೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವೂ ಉರಿಯುತ್ತಿರಲಿಲ್ಲ. ಕ್ಯಾಮೆರಾ ಕೂದಲೆಳೆಯಷ್ಟು ಓರೆಯಾದರೂ ನೂರು ಮೀಟರ್ ದೂರದಲ್ಲಿ ಅದರ ಅಂದಾಜು ಬಹಳಷ್ಟು ಆಚೀಚೆ ಆಗುತ್ತದೆ. ಬಂಪರಿಗೆ ಪುಟ್ಟಿ ಮೆತ್ತಿ ದಪ್ಪಗೆ ಬಣ್ಣ ಹೊಡೆದರೆ ಹಿಂದಿರುವ ರೇಡಾರಿಗೂ ಇದೇ ಗತಿ. ಆ ಕಾರಿನ ಮಾಲೀಕರಿಗೆ ಕಂಪನಿಯ ವರ್ಕ್‌ಶಾಪಿಗೆ ಒಯ್ದು ಹೊಂದಿಸಿಕೊಂಡು ಬನ್ನಿ ಎಂದೆ. ಅದಕ್ಕಾಗಿ ಘಟ್ಟ ಹತ್ತಿ ಹುಬ್ಬಳ್ಳಿಯವರೆಗೆ ಹೋಗಬೇಕೇ ಎಂದು ಅವರು ಕೇಳಿದರು, ಕೇಳಿದ್ದು ತಪ್ಪಲ್ಲ.

ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ 2021ರ ಜೂನ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಡಿಕ್ಕಿಗೆ ಮೊದಲಿನ 30 ಸೆಕೆಂಡುಗಳೊಳಗೆ ಎರಡನೆಯ ಹಂತದ ವ್ಯವಸ್ಥೆ ಚಾಲೂ ಇದ್ದರೆ, ಗಂಭೀರ ಅಪಘಾತಗಳನ್ನು ಕಂಪನಿಗಳು ತಾವೇ ವರದಿ ಮಾಡಬೇಕು. ನಾನು ತುಂಬುವ ಸರ್ವೇ ವರದಿಯ ನಮೂನೆಯಲ್ಲಿ ಲೈಸೆನ್ಸಿನ ಸಂಖ್ಯೆ, ಎಫ್‌ಸಿ ಎಂಬ ವಾಹನದ ಅರ್ಹತಾ ಪತ್ರ, ರಸ್ತೆಯ ಸ್ಥಿತಿ, ಹವೆ ಎಲ್ಲಕ್ಕೂ ಜಾಗವಿದೆ, ಅಡಾಸ್ ಚಾಲೂ ಇತ್ತೇ ಎಂಬುದಕ್ಕೆ ಇಲ್ಲ. ಏರ್‌ಬ್ಯಾಗಿನ ಪೆಟ್ಟಿಗೆಯಲ್ಲಿ ಡಿಕ್ಕಿಯ ಹಿಂದಿನ ಕೆಲವು ಸೆಕೆಂಡುಗಳ ವೇಗ, ಬ್ರೇಕುಗಳ ಲೆಕ್ಕ ಉಳಿದಿದ್ದರೂ ಅದನ್ನು ತೆರೆದು ಓದುವ ಸಾಧನ ಮಾಲೀಕನ ಬಳಿ ಇಲ್ಲ, ಪೊಲೀಸ್ ಠಾಣೆಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಹೀಗಾಗಿ ಹೊಣೆ ಚಾಲಕನದು, ಪುರಾವೆ ಮಾತ್ರ ಕಂಪನಿಯದು ಎಂಬಂತಾಗಿದೆ. ನಾನು ಈಗೀಗ ಷರಾ ಕಾಲಂನಲ್ಲಿ ವಾಹನಕ್ಕೆ ಅಡಾಸ್ ಇತ್ತು, ಚಾಲೂ ಇತ್ತು ಅಥವಾ ಇರಲಿಲ್ಲ ಎಂದು ಚಾಲಕ ಹೇಳುತ್ತಾನೆ, ಗಾಜು ಮೊದಲು ಬದಲಾಗಿತ್ತೇ ಇಲ್ಲವೇ, ಎಂದು ಎರಡು ಸಾಲು ಬರೆದೇ ಕಳಿಸುತ್ತೇನೆ. ಆ ಸಾಲುಗಳ ಬಗ್ಗೆ ಇದುವರೆಗೆ ಯಾರೂ ಮರುಪ್ರಶ್ನೆ ಕೇಳಿಲ್ಲ.